ಮಾಡಿಸಿದವರು, ಮಾಡಿದವರು: ಬಸದಿಯ ಬೆಳ್ಳಿ-ರತ್ನಗಳ ಕೆಲಸದ ಇತಿಹಾಸ

ಪಂಚಕಲ್ಯಾಣ ಮಹೋತ್ಸವವನ್ನು ಕಣ್ಣಾರೆ ಕಂಡ ಶ್ರಾವಕ ಶ್ರಾವಕಿಯರ ನೆನಪಿನಲ್ಲಿ ಎರಡು ದೃಶ್ಯಗಳು ಅಳಿಯದೆ ಉಳಿದಿರುತ್ತವೆ. ಮೊದಲನೆಯದು ಜನ್ಮಕಲ್ಯಾಣದ ದಿನದ್ದು. ಮೇರುಗಿರಿಯ ಪಾಂಡುಕ ಶಿಲೆಯಲ್ಲಿ ದೇವೇಂದ್ರನು 1008 ಕಲಶಗಳಿಂದ ಜಿನಬಾಲಕನಿಗೆ ಅಭಿಷೇಕ ಮಾಡಿದನೆಂಬ ಪುರಾಣಪ್ರಸಂಗವನ್ನು ನೆನೆದು ಬಿಂಬಕ್ಕೆ ಅಭಿಷೇಕ ನಡೆಯುತ್ತದೆ. ಬಳಿಕ ಶಚೀದೇವಿಯ ಸ್ಥಾನದಲ್ಲಿ ನಿಂತ ತಾಯಿಯು ಆ ಶಿಶುವಿಗೆ ಕಿರೀಟ, ಕುಂಡಲ, ಹಾರ, ಕಂಕಣಗಳನ್ನು ತೊಡಿಸುತ್ತಾಳೆ. ಎರಡನೆಯದು ದೀಕ್ಷಾಕಲ್ಯಾಣದ ದೃಶ್ಯ. ತೊಡಿಸಿದ ಅವೇ ಆಭರಣಗಳನ್ನು ಒಂದೊಂದಾಗಿ ಇಳಿಸಲಾಗುತ್ತದೆ. ನೆರೆದ ಜನ ಮೌನವಾಗುತ್ತಾರೆ. ಹಿರಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದೂ ಉಂಟು.

ನಮ್ಮ ಧರ್ಮಕ್ಕೂ ಒಡವೆಗೂ ಇರುವ ಸಂಬಂಧವೆಲ್ಲವೂ ಈ ಎರಡು ದೃಶ್ಯಗಳಲ್ಲಿ ಅಡಗಿದೆ ಎಂದು ನನಗೆ ತೋರುತ್ತದೆ. ತೊಡಿಸಿದಲ್ಲದೆ ಇಳಿಸುವುದಕ್ಕೆ ಅರ್ಥವಿಲ್ಲ. ತ್ಯಾಗಕ್ಕೆ ಬೆಲೆ ಬರಬೇಕಾದರೆ ತ್ಯಜಿಸಿದ ವಸ್ತುವಿಗೂ ಬೆಲೆಯಿರಬೇಕು. ಆದುದರಿಂದಲೇ ದಿಗಂಬರ ಬಿಂಬವನ್ನು ಪೂಜಿಸುವ ನಮ್ಮ ಸಮಾಜವು ಸಾವಿರ ವರ್ಷಗಳಿಂದಲೂ ಬೆಳ್ಳಿ, ಬಂಗಾರ, ರತ್ನಗಳ ಕೆಲಸವನ್ನು ಪ್ರೀತಿಯಿಂದ ಮಾಡಿಸುತ್ತ ಬಂದಿದೆ. ಈ ಲೇಖಕನು ವಿದ್ವಾಂಸನಲ್ಲ. ಹತ್ತನೆಯ ತರಗತಿಯವರೆಗೆ ಓದಿ ತಂದೆಯವರ ಬೆಳ್ಳಿ ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ಓದಿ ತಿಳಿದುದನ್ನೂ ವ್ಯಾಪಾರದಲ್ಲಿ ಕಂಡುದನ್ನೂ ಕೂಡಿಸಿ ಈ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇನೆ. ತಪ್ಪಿದ್ದಲ್ಲಿ ಬಲ್ಲವರು ತಿದ್ದಿಕೊಳ್ಳಬೇಕು.

ಪುರಾಣಗಳಲ್ಲಿ ರತ್ನ

ತೀರ್ಥಂಕರರ ಗರ್ಭಾವತರಣಕ್ಕೆ ಆರು ತಿಂಗಳು ಮೊದಲಿನಿಂದ ಜನನದವರೆಗೆ, ಒಟ್ಟು ಹದಿನೈದು ತಿಂಗಳು, ಕುಬೇರನು ಮಾತಾಪಿತೃಗಳ ಅರಮನೆಯಲ್ಲಿ ರತ್ನವೃಷ್ಟಿ ಕರೆದನೆಂದು ನಮ್ಮ ಪುರಾಣಗಳು ಹೇಳುತ್ತವೆ. ಸಮವಸರಣದ ವರ್ಣನೆಯಲ್ಲಿ ಕೋಟೆಗಳೂ ಮಾನಸ್ತಂಭಗಳೂ ರತ್ನಮಯವಾದವುಗಳೇ. ಮೋಕ್ಷಮಾರ್ಗವಾದ ಸಮ್ಯಗ್ದರ್ಶನ, ಸಮ್ಯಗ್‌ಜ್ಞಾನ, ಸಮ್ಯಕ್ಚಾರಿತ್ರಗಳಿಗೆ ಆಚಾರ್ಯರು ರತ್ನತ್ರಯವೆಂದೇ ಹೆಸರಿಟ್ಟರು. ಸಮಂತಭದ್ರಾಚಾರ್ಯರ ಶ್ರಾವಕಾಚಾರ ಗ್ರಂಥಕ್ಕೆ ರತ್ನಕರಂಡಕ, ಎಂದರೆ ರತ್ನದ ಭರಣಿ, ಎಂದು ಹೆಸರು. ಲೋಕದಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ಯಾವುದೆಂದು ಜನ ಬಲ್ಲರೋ ಅದನ್ನೇ ಉಪಮಾನವಾಗಿ ತೆಗೆದುಕೊಂಡು, ಅದಕ್ಕಿಂತ ಹಿರಿದಾದುದರ ಕಡೆಗೆ ಬೊಟ್ಟುಮಾಡಿದ ಕ್ರಮವಿದು.

ಆದರೆ ಪುರಾಣಕಾರರು ರತ್ನವನ್ನು ಕೇವಲ ಉಪಮಾನವಾಗಿ ಬಲ್ಲವರಲ್ಲ. ಒಡವೆಯ ಕೆಲಸವನ್ನೂ ಬಲ್ಲವರಾಗಿದ್ದರು. 9ನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ವೃಷಭದೇವನ ಮಕ್ಕಳ ಆಭರಣಗಳನ್ನು ವರ್ಣಿಸುವ ಸಂದರ್ಭದಲ್ಲಿ ಹಾರಗಳ ಭೇದವನ್ನು ಎಳೆಗಳ ಎಣಿಕೆಯೊಂದಿಗೆ ಕೊಡಲಾಗಿದೆ. 1008 ಎಳೆಗಳದು ಇಂದ್ರಚ್ಛಂದ, ಅದರ ಅರ್ಧವಾದ 504 ಎಳೆಗಳದು ವಿಜಯಚ್ಛಂದ; 54 ಎಳೆಗಳದು ರಶ್ಮಿಕಲಾಪ, 32ರದು ಗುಚ್ಛ, 27ರದು ನಕ್ಷತ್ರಮಾಲೆ, 20ರದು ಮಾಣವ, 10ರದು ಅರ್ಧಮಾಣವ. ಇವುಗಳಲ್ಲಿ ಹಲವು ಹೆಸರುಗಳು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಬರುತ್ತವೆ. ಆದುದರಿಂದ ಇದು ಕವಿಕಲ್ಪನೆ ಮಾತ್ರವಲ್ಲ, ಅಂದಿನ ಅಕ್ಕಸಾಲೆಗಳೂ ವರ್ತಕರೂ ಬಳಸುತ್ತಿದ್ದ ಪರಿಭಾಷೆಯೆಂದು ತಿಳಿಯಬಹುದು. ಇಂಥ ಹಾರ ಬೇಕೆಂದು ಹೆಸರು ಹೇಳಿದರೆ ಎಷ್ಟು ಎಳೆ ಪೋಣಿಸಬೇಕೆಂಬುದು ಮಾಡುವವನಿಗೆ ತಿಳಿಯುತ್ತಿತ್ತು. ಹೇಳಿ ಮಾಡಿಸುವ ಕೆಲಸಕ್ಕೆ ಮೊದಲು ಬೇಕಾದುದು ಇಬ್ಬರಿಗೂ ತಿಳಿಯುವ ಇಂಥ ಮಾತು.

ಭರತ ಚಕ್ರವರ್ತಿಯ ವೈರಾಗ್ಯದ ಕಥೆಯೂ ಇಲ್ಲಿ ಸ್ಮರಣೀಯ. ನಮ್ಮ ಪರಂಪರೆಯಲ್ಲಿ ಆತನು ಕನ್ನಡಿಯಲ್ಲಿ ತನ್ನ ನರೆಗೂದಲನ್ನು ಕಂಡು ವಿರಕ್ತನಾದನು. ಶ್ವೇತಾಂಬರ ಪರಂಪರೆಯ ಕಥೆಯಲ್ಲಿ ದರ್ಪಣಗೃಹದಲ್ಲಿದ್ದಾಗ ಬೆರಳಿನ ಉಂಗುರ ಜಾರಿ ಬಿದ್ದು, ಉಂಗುರವಿಲ್ಲದ ಬೆರಳು ಶೋಭೆಗೆಟ್ಟುದನ್ನು ಕಂಡು, ಉಳಿದ ಒಡವೆಗಳನ್ನೂ ತೆಗೆದು ನೋಡುತ್ತ ನೋಡುತ್ತ ಕೇವಲಜ್ಞಾನವನ್ನು ಪಡೆದನು. ಉಂಗುರವೊಂದು ಗುರುವಾದ ಪ್ರಸಂಗವದು.

ಮಾಡಿಸಿದವರು ಜೈನರು, ಮಾಡಿದವರು ಅಕ್ಕಸಾಲೆಗಳು

ಒಡವೆಯ ವ್ಯಾಪಾರದಲ್ಲಿ ಜೈನರು ಭಾರತದಾದ್ಯಂತ ಕಾಣುತ್ತಾರೆ. ಆದರೆ ಕುಲುಮೆಯ ಮುಂದೆ ಕುಳಿತು ಊದುಗೊಳವೆ ಹಿಡಿದ ಜೈನರು ವಿರಳ. ಇದಕ್ಕೆ ಕಾರಣವೇನೆಂದು ಬಾಲ್ಯದಲ್ಲಿ ನಾನು ತಂದೆಯವರನ್ನು ಕೇಳಿದ್ದೆ. “ಬೆಂಕಿಯ ಕೆಲಸ ನಮಗೆ ಹೇಳಿದ್ದಲ್ಲ ಮಗಾ” ಎಂದು ಅವರು ಉತ್ತರಿಸಿದ್ದರು. ಇದಕ್ಕೆ ಶಾಸ್ತ್ರಾಧಾರವಿದೆಯೆಂದು ಬಹುಕಾಲದ ನಂತರ ತಿಳಿಯಿತು. ಶ್ರಾವಕನು ತ್ಯಜಿಸಬೇಕಾದ ಜೀವನೋಪಾಯಗಳಲ್ಲಿ ಮೊದಲನೆಯದು ಅಂಗಾರಜೀವಿಕೆ, ಎಂದರೆ ಬೆಂಕಿ ಕೆಂಡಗಳಿಂದ ಬದುಕುವುದು. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇದನ್ನು ವಿವರಿಸುವಾಗ ಇದ್ದಿಲು ಸುಡುವುದು, ಕುಂಬಾರಿಕೆ, ಕಮ್ಮಾರಿಕೆಗಳೊಡನೆ ಚಿನ್ನದ ಕೆಲಸವನ್ನೂ ಸೇರಿಸಿದ್ದಾರೆ. ಬೆಂಕಿಯಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳ ಹಿಂಸೆಯಾಗುವುದೆಂಬುದು ಇದರ ಭಾವ.

ಹೀಗಾಗಿ ಕೆಲಸವು ಇಬ್ಭಾಗವಾಯಿತು. ಲೋಹವನ್ನು ಕೊಂಡು, ರತ್ನವನ್ನು ಪರೀಕ್ಷಿಸಿ, ಹೇಳಿ ಮಾಡಿಸುವವನು ಜೈನ ಸೆಟ್ಟಿ. ಕರಗಿಸಿ, ಬಡಿದು, ಬೆಸೆದು, ಕೆತ್ತುವವನು ವಿಶ್ವಕರ್ಮ ಅಥವಾ ದೈವಜ್ಞ ಅಕ್ಕಸಾಲೆ. ಬಡಗಣ ನಾಡಿನಲ್ಲಿ ಪತ್ತಾರನೆಂದೂ ನಮ್ಮ ತುಳುನಾಡಿನಲ್ಲಿ ಆಚಾರಿಯೆಂದೂ ಕರೆಯುವುದು ಈ ಶಿಲ್ಪಿಯನ್ನೇ. ನಮ್ಮ ಹಳೆಯ ಬರೆಹಗಳಲ್ಲಿ ದಾನಿಯ ಹೆಸರಿನ ಮುಂದೆ “ಮಾಡಿಸಿದ” ಎಂಬ ಕ್ರಿಯಾಪದ ಮತ್ತೆ ಮತ್ತೆ ಬರುತ್ತದೆ. “ಮಾಡಿದ” ಎಂಬುದು ಅಪರೂಪ. ಮಾಡಿಸಿದವನ ಪುಣ್ಯ ಬರೆಹದಲ್ಲಿ ಉಳಿಯಿತು. ಮಾಡಿದವನ ಬೆರಳಿನ ಗುರುತು ವಸ್ತುವಿನಲ್ಲಷ್ಟೇ ಉಳಿಯಿತು. ಬೆಂಕಿಯ ದೋಷವನ್ನು ನಾವು ನಿವಾರಿಸಿಕೊಂಡೆವೋ, ಇನ್ನೊಬ್ಬರ ಹೆಗಲಿಗೆ ವರ್ಗಾಯಿಸಿದೆವೋ ಎಂಬ ಪ್ರಶ್ನೆಯನ್ನು ನಾನು ಆಗಾಗ ನನ್ನಲ್ಲೇ ಕೇಳಿಕೊಂಡದ್ದುಂಟು.

ವ್ಯಾಪಾರವೆಂದೊಡನೆ ದೋಷಮುಕ್ತವೆಂದಲ್ಲ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಕಳವಿಗೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ನಕಲಿಯನ್ನು ಅಸಲಿಯೆಂದು ನಡೆಸುವುದು. ಈ ಸೂತ್ರವನ್ನು ಒಡವೆಯ ಅಂಗಡಿಗೆಂದೇ ಬರೆದಂತಿದೆ. ಬೆಳ್ಳಿಗೆ ತಾಮ್ರ ಬೆರೆಸುವುದು, ಗಾಜನ್ನು ಮಾಣಿಕ್ಯವೆನ್ನುವುದು, ಗಿರಾಕಿಯ ಹಳೆಯ ಬೆಳ್ಳಿಯನ್ನು ಒಂದು ತೂಕದಲ್ಲಿ ಕೊಂಡು ಹೊಸದನ್ನು ಇನ್ನೊಂದು ತೂಕದಲ್ಲಿ ಕೊಡುವುದು, ಇವೆಲ್ಲವೂ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆಯೇ ಆಚಾರ್ಯರ ಕಣ್ಣಿಗೆ ಬಿದ್ದಿದ್ದವು.

ಶಾಸನಗಳ ಸಾಕ್ಷಿ

ಕನ್ನಡ ನಾಡಿನಲ್ಲಿ ರತ್ನದ ಕೆಲಸವನ್ನು ಮಾಡಿಸಿದ ಶ್ರಾವಕಿಯರಲ್ಲಿ ಅಗ್ರಗಣ್ಯಳು ದಾನಚಿಂತಾಮಣಿ ಅತ್ತಿಮಬ್ಬೆ. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಈಕೆಯ ಕೀರ್ತಿಯನ್ನು ಅಲ್ಲಿಯ 1007ರ ಶಾಸನ ಸಾರುತ್ತದೆ. ಸುವರ್ಣ ಮತ್ತು ರತ್ನಗಳ 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳೆಂದೂ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದೂ ಆಕೆಯ ಖ್ಯಾತಿ. ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ಮುಧೋಳದ ಬಳೆಗಾರ ಕುಲದವನು. ಕೈಗೆ ಬಳೆ ತೊಡಿಸುವ ಮನೆತನದಲ್ಲಿ ಹುಟ್ಟಿದ ಆ ಕವಿಯು ತನ್ನ ಕೃತಿಯನ್ನು ಪರೀಕ್ಷಿಸಬಂದವರನ್ನು ಕುರಿತು ನುಡಿಯುವಾಗ ರತ್ನಪರೀಕ್ಷಕರ ಮಾತನ್ನೇ ಎತ್ತಿದ್ದು ಸಹಜವಾಗಿದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅತ್ತಿಮಬ್ಬೆಯು ಬರೆಯಿಸಿದ ಓಲೆಗಳಿಗೆ ಬೆಲೆಯಿರಲಿಲ್ಲ. ಆದ್ದರಿಂದ ಪ್ರತಿಯಿಂದ ಪ್ರತಿಗೆ ಸಾಗಿ ಶಾಂತಿಪುರಾಣ ಇಂದಿಗೂ ನಮ್ಮ ಕೈಯಲ್ಲಿದೆ. ಆಕೆಯು ಮಾಡಿಸಿದ 1500 ಬಿಂಬಗಳಿಗೆ ಬೆಲೆಯಿತ್ತು. ಆದ್ದರಿಂದ ಇದೇ ಆ ಬಿಂಬವೆಂದು ಬೆರಳಿಟ್ಟು ತೋರಿಸುವುದು ಇಂದು ಸಾಧ್ಯವಾಗಿಲ್ಲ. ಶಿಲೆಯನ್ನು ಯಾರೂ ಕರಗಿಸಲಾರರು. ಕಂಚನ್ನು ಕರಗಿಸಿದರೆ ಹೆಚ್ಚು ಲಾಭವಿಲ್ಲ. ಬೆಳ್ಳಿ ಬಂಗಾರಗಳಾದರೋ ಪ್ರತಿ ಕ್ಷಾಮದಲ್ಲಿಯೂ, ಪ್ರತಿ ದಂಡಯಾತ್ರೆಯಲ್ಲಿಯೂ, ಪ್ರತಿ ಜೀರ್ಣೋದ್ಧಾರದಲ್ಲಿಯೂ ಮೂಸೆಯ ಬಾಯಿಗೆ ಹೋಗುತ್ತವೆ. ಬೆಳ್ಳಿಯ ಇತಿಹಾಸ ತೆಳುವಾಗಿರುವುದಕ್ಕೆ ಬೆಳ್ಳಿಯ ಬೆಲೆಯೇ ಕಾರಣ.

ಶ್ರವಣಬೆಳಗೊಳದ ಶಾಸನಗಳಲ್ಲಿ ಅಲ್ಲಿಯ ವರ್ತಕ ಸಮೂಹವನ್ನು “ಮಾಣಿಕ್ಯ ನಖರಂಗಳು” ಎಂದು ಕರೆದಿರುವುದು ಕಂಡುಬರುತ್ತದೆ. ನಖರವೆಂದರೆ ವರ್ತಕರ ಸಂಘ. ಮಾಣಿಕ್ಯವೆಂಬ ವಿಶೇಷಣದಿಂದ ಅವರಲ್ಲಿ ರತ್ನ ವ್ಯಾಪಾರಿಗಳು ಪ್ರಮುಖರಾಗಿದ್ದರೆಂದು ವಿದ್ವಾಂಸರು ಅರ್ಥೈಸಿದ್ದಾರೆ. 12ನೆಯ ಶತಮಾನದ ಅಂತ್ಯಭಾಗದಲ್ಲಿ ನಾಗದೇವ ಮಂತ್ರಿಯು ಕಟ್ಟಿಸಿದ ಬಸದಿಗೆ ನಗರ ಜಿನಾಲಯವೆಂದು ಹೆಸರು ಬಂದದ್ದು ಅದನ್ನು ನಡೆಸಿಕೊಂಡು ಬಂದ ಈ ವರ್ತಕರಿಂದಲೇ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳರಾಜನು 1159ರಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದನು. ಅದು ಇಂದಿಗೂ ಭಂಡಾರಿ ಬಸದಿಯೆಂದೇ ಪ್ರಸಿದ್ಧ. ರಾಜನ ಭಂಡಾರವನ್ನು ಕಾಯುತ್ತಿದ್ದವನ ಹೆಸರನ್ನು ಇಂದು ಕಾಯುತ್ತಿರುವುದು ಅವನು ದೇವರಿಗೆ ಕೊಟ್ಟ ಕಲ್ಲು.

ನಮ್ಮ ತುಳುನಾಡಿಗೆ ಬಂದರೆ ಮೂಡುಬಿದಿರೆ. 1430ರಲ್ಲಿ ಕಟ್ಟಲಾರಂಭಿಸಿದ ತ್ರಿಭುವನ ತಿಲಕ ಚೂಡಾಮಣಿ ಬಸದಿ, ಎಂದರೆ ಸಾವಿರ ಕಂಬದ ಬಸದಿ, ಊರಿನ ಸೆಟ್ಟಿಗಳ ಹಾಗೂ ಶ್ರಾವಕ ಸಮುದಾಯದ ಕಾಣಿಕೆಯಿಂದ ಎದ್ದು ನಿಂತುದು. ಕರಾವಳಿಯ ಬಂದರುಗಳಿಂದ ಕಾಳುಮೆಣಸು ಹೊರಟು ಹೋಗಿ ಬದಲಿಗೆ ಬೆಳ್ಳಿ ಬಂಗಾರಗಳು ಬರುತ್ತಿದ್ದ ಕಾಲವದು. ಅಲ್ಲಿಯ ಗುರುಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಗ್ರಂಥಗಳ ತಾಡವೋಲೆಗಳೊಡನೆ ಅಮೂಲ್ಯ ರತ್ನಗಳ ಜಿನಬಿಂಬಗಳನ್ನೂ ರಕ್ಷಿಸಿಕೊಂಡು ಬರಲಾಗಿದೆ. ಸಿದ್ಧಾಂತ ದರ್ಶನವೆಂದು ಯಾತ್ರಿಕರು ಭಕ್ತಿಯಿಂದ ಕಂಡು ಬರುವುದು ಇವುಗಳನ್ನೇ. 2013ರ ಜುಲೈ ತಿಂಗಳಲ್ಲಿ ಅಲ್ಲಿಂದ ಕೆಲವು ಬಿಂಬಗಳು ಕಳುವಾದ ಸುದ್ದಿ ಕೇಳಿ ಜೈನ ಸಮಾಜವೇ ತಲ್ಲಣಿಸಿತು. ಬೆಲೆಯುಳ್ಳ ವಸ್ತುವನ್ನು ಕಾಯುವುದು ಅದನ್ನು ಮಾಡಿಸುವುದಕ್ಕಿಂತ ಕಷ್ಟವೆಂಬ ಪಾಠವನ್ನು ನಾವೆಲ್ಲರೂ ಅಂದು ಕಲಿತೆವು.

ರತ್ನದ ಬಿಂಬ ಮಾಡುವುದು ಎಂಥ ಶ್ರಮದ ಕೆಲಸವೆಂಬುದನ್ನು ಬಲ್ಲವರು ಕಡಿಮೆ. ಮಾಣಿಕ್ಯ ಮತ್ತು ನೀಲಗಳು ಜಾತಿಯಲ್ಲಿ ಒಂದೇ. ಎರಡೂ ಕುರುಂದದ ಕಲ್ಲುಗಳು. ವಜ್ರವನ್ನು ಬಿಟ್ಟರೆ ಅದಕ್ಕಿಂತ ಗಟ್ಟಿಯಾದ ರತ್ನ ಬೇರೊಂದಿಲ್ಲ. ಉಕ್ಕಿನ ಉಳಿಯಿಂದ ಅದನ್ನು ಕೆತ್ತಲಾಗದು. ಕುರುಂದದ ಇಲ್ಲವೆ ವಜ್ರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ತಿರುಗುವ ಸಣ್ಣ ಸಾಣೆಗಳಿಗೆ ಹಚ್ಚಿ, ದಿನಗಟ್ಟಲೆ, ತಿಂಗಳುಗಟ್ಟಲೆ ಸವೆಸಬೇಕು. ಕಲ್ಲಿನಲ್ಲಿ ಒಂದು ಬಿರುಕು ಅಡಗಿದ್ದರೆ ಅಷ್ಟೂ ಶ್ರಮ ವ್ಯರ್ಥ. ಪದ್ಮಾಸನದಲ್ಲಿ ಕುಳಿತ ಹೆಬ್ಬೆರಳಿನಷ್ಟು ಬಿಂಬದ ಕಣ್ಣು, ಮೂಗು, ಶ್ರೀವತ್ಸಗಳನ್ನು ತೋರಿಸಿದ ಆ ಶಿಲ್ಪಿಯ ತಾಳ್ಮೆಯೂ ಒಂದು ಬಗೆಯ ತಪಸ್ಸೇ ಸರಿ.

ಮಗನಿಗಾಗಿ ಬರೆದ ರತ್ನಶಾಸ್ತ್ರ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರತ್ನಪರೀಕ್ಷೆ, ಆಭರಣಗಳ ವಿವರಣೆ, ಮೇಣದ ಅಚ್ಚಿನಿಂದ ಲೋಹದ ಮೂರ್ತಿ ಎರೆಯುವ ವಿಧಾನ, ಎಲ್ಲವೂ ಇವೆ. ಮೇಣದ ತೂಕಕ್ಕೆ ಹನ್ನೆರಡು ಪಟ್ಟು ಬೆಳ್ಳಿ, ಹದಿನಾರು ಪಟ್ಟು ಚಿನ್ನ ಬೇಕೆಂದು ಅದರಲ್ಲಿ ಲೆಕ್ಕ ಹೇಳಿದೆ. ಇಂದಿಗೂ ನಮ್ಮ ಎರಕದವರು ಮೇಣವನ್ನು ತೂಗಿಯೇ ಬೆಳ್ಳಿ ಕೇಳುತ್ತಾರೆ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದ ಗ್ರಂಥ ಉತ್ತರದ ಒಬ್ಬ ಜೈನ ಶ್ರಾವಕನದು. ಠಕ್ಕುರ ಫೇರು ಎಂಬಾತನು ಶ್ರೀಮಾಲ ಕುಲದ ಜೈನ. ದೆಹಲಿಯಲ್ಲಿ ಅಲಾಉದ್ದೀನ್ ಖಿಲ್ಜಿಯ ಆಡಳಿತದಲ್ಲಿ ಅಧಿಕಾರಿಯಾಗಿದ್ದು, ಮುಂದೆ ಟಂಕಸಾಲೆಯ ಕೆಲಸವನ್ನೂ ಬಲ್ಲವನು. ಸುಲ್ತಾನನ ಭಂಡಾರದ ರತ್ನರಾಶಿಯನ್ನು ಕಣ್ಣಾರೆ ನೋಡಿದ ಅನುಭವದಿಂದ 1315ರಲ್ಲಿ ಪ್ರಾಕೃತದಲ್ಲಿ ರಯಣಪರಿಕ್ಖಾ, ಎಂದರೆ ರತ್ನಪರೀಕ್ಷೆ, ಎಂಬ ಗ್ರಂಥವನ್ನು ಬರೆದನು. 1318ರಲ್ಲಿ ನಾಣ್ಯಗಳ ಪರೀಕ್ಷೆಯನ್ನು ಕುರಿತು ದವ್ವಪರಿಕ್ಖಾ ಎಂಬ ಇನ್ನೊಂದನ್ನು ಬರೆದನು. ಮಹಾರಾಜರ ವಿನೋದಕ್ಕೆಂದು ಬರೆದ ಶಾಸ್ತ್ರವಲ್ಲ ಇದು. ರತ್ನಗ್ರಂಥವನ್ನು ಆತ ಬರೆದುದು ತನ್ನ ಮಗ ಹೇಮಪಾಲನಿಗಾಗಿ. ಯಾವ ರತ್ನ ಎಲ್ಲಿಯದು, ಅದರ ಗುಣದೋಷವೇನು, ತೂಕಕ್ಕೆ ತಕ್ಕ ಬೆಲೆಯೆಷ್ಟು ಎಂಬ ವ್ಯವಹಾರಜ್ಞಾನವನ್ನು ತಂದೆಯೊಬ್ಬನು ಮಗನಿಗೆ ಕೊಟ್ಟುಹೋದ ಬಗೆಯದು. ಆರು ನೂರು ವರ್ಷಗಳಿಗೂ ಹೆಚ್ಚು ಕಾಲ ಮರೆಯಲ್ಲಿದ್ದ ಈ ಕೃತಿಗಳ ಹಸ್ತಪ್ರತಿ ಕಲ್ಕತ್ತೆಯಲ್ಲಿ ನಾಹಟಾ ವಿದ್ವಾಂಸರ ಕಣ್ಣಿಗೆ ಬಿದ್ದು, 1961ರಲ್ಲಿ ಮುದ್ರಣವಾಯಿತು. ಬರೆದಿಟ್ಟದ್ದರಿಂದ ಉಳಿಯಿತು, ಬರೆಯದಿದ್ದರೆ ಫೇರುವಿನ ಜ್ಞಾನವೂ ಖಿಲ್ಜಿಯ ರತ್ನಗಳಂತೆ ದಿಕ್ಕಾಪಾಲಾಗುತ್ತಿತ್ತು.

ಆಚಾರಿಯ ಕೈಕೆಲಸ

ಇನ್ನು ಬೆಳ್ಳಿಯ ಕೆಲಸದ ಕ್ರಮವನ್ನು ಸ್ವಲ್ಪ ಹೇಳಬೇಕು. ಅಪ್ಪಟ ಬೆಳ್ಳಿ ಬಹಳ ಮೃದು; ನಿತ್ಯ ಬಳಕೆಗೆ ನಿಲ್ಲದು. ನೂರಕ್ಕೆ ಏಳೆಂಟು ಪಾಲು ತಾಮ್ರ ಸೇರಿದರೆ ಗಟ್ಟಿಯಾಗುತ್ತದೆ. ಮೂಸೆಯಲ್ಲಿ ಬೆಳ್ಳಿಯಿಟ್ಟು, ಬಿಳಿಗಾರ ಉದುರಿಸಿ, ಇದ್ದಿಲ ಕೆಂಡದಲ್ಲಿ ಕಾಯಿಸಿದಾಗ 960 ಡಿಗ್ರಿ ಶಾಖದ ಸುಮಾರಿಗೆ ಅದು ಕನ್ನಡಿಯಂತೆ ಹೊಳೆದು ಕರಗುತ್ತದೆ. ಎರಕದಿಂದ ತೆಗೆದ ಗಟ್ಟಿಯನ್ನು ಅಡಿಗಲ್ಲಿನ ಮೇಲೆ ಬಡಿದು ತಗಡು ಮಾಡುತ್ತಾರೆ. ಬಡಿದಷ್ಟೂ ಬೆಳ್ಳಿ ಬಿರುಸಾಗುವುದರಿಂದ ನಡುನಡುವೆ ಕಾಯಿಸಿ ಹದ ಮಾಡಬೇಕು. ತಂತಿ ಬೇಕಾದರೆ, ಸಾಲಾಗಿ ಕಿರಿದಾಗುತ್ತ ಹೋಗುವ ರಂಧ್ರಗಳುಳ್ಳ ಉಕ್ಕಿನ ಕಂಬಚ್ಚಿನಲ್ಲಿ ಒಂದೊಂದರಿಂದಲೂ ಎಳೆಯಬೇಕು. ಉಬ್ಬುಕೆಲಸಕ್ಕೆ ತಗಡನ್ನು ಅರಗಿನ ಮೇಲೆ ಅಂಟಿಸಿ ಹಿಂದಿನಿಂದಲೂ ಮುಂದಿನಿಂದಲೂ ಸಣ್ಣ ಉಳಿಗಳಿಂದ ತಟ್ಟಿ ರೂಪ ತೆಗೆಯಬೇಕು. ಕೊನೆಗೆ ಹುಣಸೆಹಣ್ಣು, ಅಂಟುವಾಳದ ಕಾಯಿಗಳಿಂದ ತಿಕ್ಕಿ ಬೆಳಗಬೇಕು.

ಬಸದಿಗೆ ಬೇಕಾದ ಭೃಂಗಾರ, ಕಲಶ, ದರ್ಪಣ, ಚಾಮರ, ಧ್ವಜ, ವ್ಯಜನ, ಛತ್ರ, ಸುಪ್ರತಿಷ್ಠಗಳೆಂಬ ಅಷ್ಟಮಂಗಲ ದ್ರವ್ಯಗಳೂ, ಪ್ರಭಾವಳಿಯೂ, ಮುಕ್ಕೊಡೆಯೂ, ಪದ್ಮಾವತಿ ಅಮ್ಮನವರ ಕಿರೀಟ, ಮೂಗುತಿ, ಒಡ್ಯಾಣಗಳೂ ಹೀಗೆಯೇ ರೂಪುಗೊಂಡವು. ವೀತರಾಗನಿಗೆ ಒಡವೆ ಬೇಡ. ಆತನ ಶಾಸನದೇವತೆಯನ್ನು ಅಲಂಕರಿಸದೆ ತಾಯಂದಿರ ಮನಸ್ಸು ಒಪ್ಪದು.

ಮನೆಯ ಕೆಲಸವೂ ಇದೇ ಕೈಗಳದು. ಮಗುವಿಗೆ ಬೆಳ್ಳಿಯ ನೇವಳ ಮಾಡಿಸಬೇಕಾದರೆ ಅಜ್ಜಿಯು ಮಗುವಿನ ಸೊಂಟವನ್ನು ದಾರದಿಂದ ಅಳೆದು, ಬೆಳೆಯುವ ಮಗುವೆಂದು ಎರಡು ಬೆರಳು ಹೆಚ್ಚಿಗೆ ಬಿಟ್ಟು, ಆ ದಾರಕ್ಕೆ ಗಂಟು ಹಾಕಿ ಕಳುಹಿಸುತ್ತಿದ್ದಳು. ಮದುವಣಗಿತ್ತಿಯ ಕಾಲುಂಗುರಕ್ಕೂ ದಾರದ ಅಳತೆಯೇ. ತೂಕಕ್ಕೆ ಗುಲಗಂಜಿ, 96 ಗುಂಜಿಗೆ ಒಂದು ತೊಲ. ಹಳೆಯ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತಿದ್ದುದರಿಂದ ಅದೇ ತೂಕದ ಕಲ್ಲೂ ಆಗಿತ್ತು, ಒಡವೆಯ ಕಚ್ಚಾ ಮಾಲೂ ಆಗಿತ್ತು. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ಆ ನಾಣ್ಯಗಳನ್ನು ಗಿರಾಕಿಗಳು ಎಣಿಸಿ ಕೊಟ್ಟು, ಆಚಾರಿಯ ಎದುರಿಗೇ ಕುಳಿತು ಕರಗಿಸುವುದನ್ನು ನೋಡುತ್ತಿದ್ದರು. 1940ರಲ್ಲಿ ಸರಕಾರವು ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಅಂದಿನಿಂದ ಇಸವಿ ನೋಡದೆ ನಾಣ್ಯವನ್ನು ಮೂಸೆಗೆ ಹಾಕುವ ಹಾಗಿರಲಿಲ್ಲವೆಂದು ತಂದೆಯವರು ಹೇಳುತ್ತಿದ್ದರು.

ಕಾಲ ಬದಲಾದುದು

ಈ ಕೈಕೆಲಸಕ್ಕೆ ಎರಡು ದೊಡ್ಡ ಪೆಟ್ಟುಗಳು ಬಿದ್ದವು. ಮೊದಲನೆಯದು 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ. 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧಿಯ ಹೊಸ ಒಡವೆ ಮಾಡಬಾರದೆಂದು ಕಟ್ಟಳೆಯಾಯಿತು. ದೇಶದಾದ್ಯಂತ ಅಕ್ಕಸಾಲೆ ಕುಟುಂಬಗಳು ಕೆಲಸವಿಲ್ಲದೆ ಕಷ್ಟಕ್ಕೀಡಾದವು. 14 ಕ್ಯಾರಟ್ಟಿನ ನಿರ್ಬಂಧ ಕೆಲವು ವರ್ಷಗಳಲ್ಲಿ ಸಡಿಲವಾದರೂ 1968ರ ಕಾಯಿದೆ 1990ರವರೆಗೂ ಜಾರಿಯಲ್ಲಿತ್ತು. ನಮ್ಮ ಮನೆಯ ಆಚಾರಿಯವರ ತಂದೆ ಆ ದಿನಗಳಲ್ಲಿ ಚಿನ್ನವನ್ನು ಬಿಟ್ಟು ಬೆಳ್ಳಿಯನ್ನೇ ನಂಬಿ ದಿನದೂಡಿದರಂತೆ. ಅವರ ತಮ್ಮಂದಿರು ಸುತ್ತಿಗೆಯನ್ನು ಅಟ್ಟಕ್ಕೆ ಹಾಕಿ ಮುಂಬಯಿಯ ಹೋಟೆಲುಗಳಿಗೆ ಹೋದರಂತೆ.

ಎರಡನೆಯದು ಯಂತ್ರ. ಅಚ್ಚಿನಲ್ಲಿ ಒತ್ತಿದ ತೆಳು ತಗಡಿನ ದೀಪ, ತಟ್ಟೆ, ಕಾಲುಚೈನುಗಳು ಕೆಲವು ನಿಮಿಷಗಳಲ್ಲಿ ತಯಾರಾಗಿ ಬರುತ್ತವೆ. ಯಂತ್ರವನ್ನು ನಾನು ನಿಂದಿಸಲಾರೆ. ಅದರಿಂದಾಗಿ ಬಡವರ ಮನೆಗೂ ಬೆಳ್ಳಿಯ ದೀಪ ಬಂದಿದೆ. ನನ್ನ ಅಂಗಡಿ ನಡೆದುದೂ ಅದರಿಂದಲೇ. ಆದರೆ ಬೆಸುಗೆ ಸುಲಭವಾಗಲೆಂದು ಕ್ಯಾಡ್ಮಿಯಂ ಬೆರೆಸುವ ಪದ್ಧತಿ ಬಂದಾಗ ಅದರ ಹೊಗೆ ಕೆಲಸಗಾರರ ಶ್ವಾಸಕೋಶವನ್ನು ಸುಡುತ್ತದೆಂಬುದನ್ನು ಎಷ್ಟು ಜನ ವರ್ತಕರು ಯೋಚಿಸಿದೆವು? ಅಹಿಂಸೆಯನ್ನು ಸೂಕ್ಷ್ಮಜೀವಿಗಳವರೆಗೆ ವಿಸ್ತರಿಸಿದ ನಾವು ನಮ್ಮ ಆಚಾರಿಯ ಕೆಮ್ಮನ್ನೂ ಕೇಳಿಸಿಕೊಳ್ಳಬೇಕಲ್ಲವೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಮನೆಯ ದೇವರ ಕೋಣೆಯಲ್ಲಿ ಗಂಧೋದಕ ಹಿಡಿಯುವ ಒಂದು ಹಳೆಯ ಬೆಳ್ಳಿಯ ಬಟ್ಟಲಿತ್ತು. ಅಂಚು ಸ್ವಲ್ಪ ತಗ್ಗಿ ಕಪ್ಪಾಗಿದ್ದ ಆ ಬಟ್ಟಲಿನ ತಳದಲ್ಲಿ ಏನೋ ಅಕ್ಷರಗಳಿದ್ದವು. ತಂದೆಯವರು ತೀರಿಕೊಂಡ ಮರುವರ್ಷ, ವ್ಯಾಪಾರದ ಹುಮ್ಮಸ್ಸಿನಲ್ಲಿದ್ದ ನಾನು, ಹಳೆಯ ನಾಲ್ಕಾರು ವಸ್ತುಗಳೊಡನೆ ಅದನ್ನೂ ಕರಗಿಸಲು ಕೊಟ್ಟು ಹೊಳೆಯುವ ಹೊಸ ದೀಪಗಳನ್ನು ತಂದೆ. ಅಂದು ಆಚಾರಿಯವರು ಬಟ್ಟಲನ್ನು ಬೋರಲು ಮಾಡಿ, “ಸೆಟ್ಟರೇ, ಇದರಲ್ಲಿ ಬರೆಹ ಉಂಟು, ಓದಿದ್ದೀರಾ?” ಎಂದು ಕೇಳಿದರು. “ಹಳೆಯದು ಆಚಾರ್ರೇ, ಹಾಕಿ” ಎಂದೆ. ಅವರು ಮತ್ತೇನೂ ಹೇಳಲಿಲ್ಲ, ಹಾಕಿದರು.

ಕೆಲವು ವರ್ಷಗಳ ಬಳಿಕ ಅಜ್ಜನವರ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ಅದರಲ್ಲಿ ಒಂದು ಸಾಲು: ತಾಯಿಯವರ ಅನಂತನೋಂಪಿಯ ಉದ್ಯಾಪನೆಗೆ ಗಂಧೋದಕದ ಬಟ್ಟಲು, 14 ತೊಲ, ಹೆಸರು ಕೊರೆಸಿದೆ. ಅಜ್ಜನ ತಾಯಿಯ ಹೆಸರನ್ನು ಆ ಪುಸ್ತಕದಲ್ಲಿ ಬರೆದಿರಲಿಲ್ಲ. ತಾಯಿಯವರು ಎಂದಷ್ಟೇ ಇತ್ತು. ಆಕೆಯ ಹೆಸರು ಏನೆಂದು ಹೇಳಬಲ್ಲವರು ನಮ್ಮ ಕುಟುಂಬದಲ್ಲಿ ಈಗ ಯಾರೂ ಉಳಿದಿಲ್ಲ. ಆಕೆಯ ಹೆಸರು ಇದ್ದುದು ಆ ಬಟ್ಟಲಿನ ತಳದಲ್ಲಿ ಮಾತ್ರ. 163 ಗ್ರಾಂ ಬೆಳ್ಳಿಯ ಬೆಲೆ ನನಗೆ ಅಂದು ದಕ್ಕಿತು. ಮುತ್ತಜ್ಜಿಯ ಹೆಸರು ಹೋಯಿತು.

ನಮ್ಮ ಬಸದಿಯ ಹಳೆಯ ಬೆಳ್ಳಿ

ಪ್ರಸ್ತುತ ಜೀರ್ಣೋದ್ಧಾರದ ಸಂದರ್ಭದಲ್ಲಿ, ಭಂಡಾರದಲ್ಲಿದ್ದ ಹಳೆಯ ಒಡಕು ಬೆಳ್ಳಿಯನ್ನೆಲ್ಲ ಕರಗಿಸಿ ಶ್ರೀ ಸ್ವಾಮಿಗೆ ಹೊಸ ಪ್ರಭಾವಳಿ ಮಾಡಿಸುವುದೆಂದು ಸಮಿತಿಯು ತೀರ್ಮಾನಿಸಿ, ತೂಕ ಹಾಕುವ ಕೆಲಸವನ್ನು ನನಗೆ ವಹಿಸಿತು. ಸದುದ್ದೇಶದ ತೀರ್ಮಾನವದು. ಒಟ್ಟು 4 ಕಿಲೊ 200 ಗ್ರಾಂ ಬೆಳ್ಳಿ. ಈ ಸಲ ನಾನು ಪ್ರತಿಯೊಂದನ್ನೂ ಬೋರಲು ಮಾಡಿ ನೋಡಿದೆ. ಏಳು ವಸ್ತುಗಳ ಮೇಲೆ ಅಕ್ಷರಗಳಿದ್ದವು. ನಾಲ್ಕು ನೋಂಪಿಯ ಉದ್ಯಾಪನೆಯ ಕಾಣಿಕೆಗಳು. ನಾಲ್ಕನ್ನೂ ಕೊಟ್ಟವರು ಹೆಂಗಸರು. ಒಂದು ಹರಿವಾಣ ಸಿಡುಬಿನಿಂದ ಉಳಿದ ಮಗುವಿನ ಹೆಸರಿನಲ್ಲಿ ಸಲ್ಲಿಸಿದ್ದು. ಉಳಿದ ಎರಡರ ಅಕ್ಷರಗಳು ಸವೆದಿದ್ದು ಓದಿಸಬೇಕಾಗಿದೆ. ಈ ಏಳರ ತೂಕ 1 ಕಿಲೊ 60 ಗ್ರಾಂ.

ಓದಿಸುವುದಕ್ಕೆಂದು ಅವುಗಳನ್ನು ಹರಡಿಕೊಂಡಿದ್ದಾಗ, ಇಂದಿಗೆ ಎಂಬತ್ತು ದಾಟಿದ ನಮ್ಮ ಆಚಾರಿಯವರನ್ನೂ ಬರಮಾಡಿಕೊಂಡಿದ್ದೆ. ಅವರು ಅಕ್ಷರಗಳನ್ನು ನೋಡಲಿಲ್ಲ. ಆರತಿಯ ಹಿಡಿಯ ಒಳಮಗ್ಗುಲನ್ನು ಬೆರಳಿನಿಂದ ತಡವಿ, ಅಲ್ಲಿದ್ದ ಎಳ್ಳಿನಷ್ಟು ದೊಡ್ಡ ಒಂದು ಎಲೆಯ ಗುರುತನ್ನು ತೋರಿಸಿದರು. “ಇದು ನನ್ನ ಅಜ್ಜನ ಉಳಿ ಸೆಟ್ಟರೇ. ಬೆಸುಗೆ ಮುಚ್ಚಿದ ಮೇಲೆ ಹೀಗೆ ಒಂದು ಎಲೆ ಹೊಡೆಯುತ್ತಿದ್ದರು” ಎಂದರು. ಆ ಆರತಿಯನ್ನು ಸುಮಾರು ಐವತ್ತು ವರ್ಷಗಳಿಂದ ನಾನು ಕಾಣುತ್ತಿದ್ದೇನೆ. ಮಾಡಿಸಿದವರ ಹೆಸರು ಅಡಿಯಲ್ಲಿತ್ತು. ಮಾಡಿದವನ ಹೆಸರು ಹಿಡಿಯೊಳಗಿತ್ತು. ಎರಡನ್ನೂ ನಾನು ನೋಡಿರಲಿಲ್ಲ.

ಏಳು ವಸ್ತುಗಳನ್ನು ಉಳಿಸಬೇಕೆಂದೂ, ಅಷ್ಟೇ ತೂಕದ ಶುದ್ಧ ಬೆಳ್ಳಿಯನ್ನು ಪ್ರಭಾವಳಿಗೆ ಬದಲಾಗಿ ಒಪ್ಪಿಸುವೆವೆಂದೂ ನಾನೂ ಇನ್ನಿಬ್ಬರು ಶ್ರಾವಕರೂ ಬಿನ್ನವಿಸಿಕೊಂಡೆವು. ಸಮಿತಿಯ ಹಿರಿಯರು ದೊಡ್ಡ ಮನಸ್ಸಿನಿಂದ ಸಮ್ಮತಿಸಿದರು. ಅಷ್ಟೇ ಅಲ್ಲದೆ, ಭಂಡಾರದ ಪ್ರತಿಯೊಂದು ವಸ್ತುವಿನ ತೂಕ, ಅಳತೆ, ಬರೆಹ, ಭಾವಚಿತ್ರಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸಲು ಒಪ್ಪಿರುವರು. ಹೊಸ ಪ್ರಭಾವಳಿಯ ಹಿಂಭಾಗದಲ್ಲಿ ಮಾಡಿಸಿದವರ ಹೆಸರಿನ ಕೆಳಗೆ ಮಾಡಿದವರ ಹೆಸರನ್ನೂ ಕೊರೆಯಬೇಕೆಂದು ನಿಶ್ಚಯವಾಗಿದೆ.

ಬೇರೆ ಬಸದಿಗಳ ಆಡಳಿತಗಾರರಲ್ಲಿಯೂ, ಮನೆಯಲ್ಲಿ ಹಳೆಯ ಬೆಳ್ಳಿಯುಳ್ಳ ತಾಯಂದಿರಲ್ಲಿಯೂ ನನ್ನ ವಿನಂತಿ ಇಷ್ಟೇ. ಕರಗಿಸಬೇಡಿರೆಂದು ನಾನು ಹೇಳುವುದಿಲ್ಲ. ಕರಗುವುದು ಲೋಹದ ಸ್ವಭಾವ, ಪರಿಣಾಮ ಹೊಂದುವುದು ಪುದ್ಗಲದ ಧರ್ಮ. ಕರಗಿಸುವ ಮೊದಲು ಒಮ್ಮೆ ಬೋರಲು ಮಾಡಿ ನೋಡಿರಿ. ಬರೆಹವಿದ್ದರೆ ಒಂದು ಕಾಗದದಲ್ಲಿ ಬರೆದಿಡಿರಿ. ದೀಕ್ಷಾಕಲ್ಯಾಣದಲ್ಲಿ ಒಡವೆಗಳನ್ನು ಇಳಿಸುವಾಗಲೂ ಇಂದ್ರನಾದವನು ಅವುಗಳನ್ನು ಎಸೆಯುವುದಿಲ್ಲ; ಹರಿವಾಣದಲ್ಲಿ ಜೋಡಿಸಿ, ತಲೆಬಾಗಿ ಸ್ವೀಕರಿಸುತ್ತಾನೆ.

ಜಿನಬಿಂಬ ಪ್ರತಿಷ್ಠೆಯ ಈ ಶುಭಕಾಲದಲ್ಲಿ ಸರ್ವರಿಗೂ ರತ್ನತ್ರಯದ ಲಾಭವಾಗಲಿ. ಭದ್ರಂ ಭೂಯಾತ್.